ಹತ್ತು ನಿಮಿಷ ತಡವಾಗಿ ಉಪವಾಸ ಬಿಡುವ ಮನೆ

ರಂಜಾನ್ ತಿಂಗಳು ಸುಡುಬೇಸಗೆಯಲ್ಲೇ ಬಂದು ಬೀಳುತ್ತಿದ್ದ ವರ್ಷಗಳವು. ಕತಾರಿನ ಅಲ್ ಖೋರ್‌ನಲ್ಲಿ, ಗ್ಯಾಸ್ ಕಂಪನಿಯ ನೌಕರರಿಗೆಂದು ಕಟ್ಟಿದ ಕಾಲನಿಯಲ್ಲಿ ನಮ್ಮ ಮನೆ. ಎಲ್ಲ ಮನೆಗಳಿಗೂ ಮರಳಿನದೇ ಬಣ್ಣ. ಹಗಲಲ್ಲಿ ಗೇಟಿನ ಚಿಲಕ ಮುಟ್ಟಿದರೆ ಬೆರಳು ಸುಡುತ್ತಿತ್ತು. ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿನೀರು. ಸಂಜೆ ಐದರ ಮೇಲೆ ಮಾತ್ರ ಮಕ್ಕಳಿಗೆ ಹೊರಗೆ ಆಡಲು ಅಪ್ಪಣೆ. ಆ ಹೊತ್ತಿಗೆ ಪ್ರತಿ ಅಡುಗೆಮನೆಯಿಂದಲೂ ಎಣ್ಣೆಯ ವಾಸನೆ ಎದ್ದು, ಉಪವಾಸ ಹಿಡಿದ ನಮ್ಮ ಹೊಟ್ಟೆಯನ್ನು ಹಿಂಡುತ್ತಿತ್ತು.

ನನ್ನ ಉಪ್ಪ, ಎಂದರೆ ಅಪ್ಪ, ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಉಮ್ಮ ಮದುವೆಗೆ ಮುಂಚೆ ಬಂಟ್ವಾಳದ ಕಡೆ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರಿಬ್ಬರೂ ತಮ್ಮೊಳಗೆ ಬ್ಯಾರಿ ಭಾಷೆ ಆಡಿಕೊಂಡರೂ ನನ್ನ ಹತ್ತಿರ ಮಾತ್ರ ಉಮ್ಮ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಆ ಹಟದ ಫಲ.

ನಮ್ಮ ಮನೆಯಿಂದ ಮೂರು ಗೇಟು ಆಚೆ ಜಹ್ರಾಳ ಮನೆ. ಅವರು ಕರಾಚಿಯವರು. ಅವಳ ಅಪ್ಪ ಹಸನ್ ಅಂಕಲ್ ಮತ್ತು ನನ್ನ ಉಪ್ಪ ಒಂದೇ ಬಸ್ಸಿನಲ್ಲಿ ಪ್ಲಾಂಟಿಗೆ ಹೋಗುತ್ತಿದ್ದರು. ಜಹ್ರಾಳಿಗೂ ನನಗೂ ಹತ್ತು ವರ್ಷ. ನಮ್ಮಿಬ್ಬರ ನಡುವಿನ ಭಾಷೆ ಹಿಂದಿಯೋ ಉರ್ದುವೋ ಇಂಗ್ಲಿಷೋ ಎಂದು ಈಗ ಕೇಳಿದರೆ ಹೇಳಲಾರೆ. ಮೂರೂ ಕಲಸಿ ಮಾಡಿದ ಯಾವುದೋ ಒಂದು. ಪಾರ್ಕಿನ ಸಿಮೆಂಟ್ ಹಾದಿಯಲ್ಲಿ ಚಾಕ್‌ನಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುವುದನ್ನು ನಾನು ಅವಳಿಗೆ ಕಲಿಸಿದ್ದೆ. ಸೈಕಲ್ಲಿನ ಹ್ಯಾಂಡಲ್ ಬಿಟ್ಟು ಓಡಿಸುವುದನ್ನು ಅವಳು ನನಗೆ.

ಆ ರಂಜಾನಿನ ಮೊದಲ ವಾರ ಅವರ ಮನೆಗೆ ನನ್ನನ್ನು ಇಫ್ತಾರಿಗೆ ಕರೆದಿದ್ದರು. ಮೇಜಿನ ಮೇಲೆ ಪಕೋಡ, ಮೊಸರಲ್ಲಿ ಮುಳುಗಿದ ವಡೆ, ಕತ್ತರಿಸಿದ ಹಣ್ಣು, ಗುಲಾಬಿ ಬಣ್ಣದ ಶರಬತ್ತು. ಮಸೀದಿಯಿಂದ ಆಜಾನ್ ಕೇಳಿತು. ನಾನು ಖರ್ಜೂರ ಬಾಯಿಗಿಟ್ಟೆ. ನೋಡುತ್ತೇನೆ, ಬೇರೆ ಯಾರೂ ತಿನ್ನುತ್ತಿಲ್ಲ. ಜಹ್ರಾಳ ಅಮ್ಮ ನರ್ಗಿಸ್ ಆಂಟಿ, "ನೀನು ತಿನ್ನು ಮಗಳೇ, ನಾವು ಈಗ ಬರುತ್ತೇವೆ" ಎಂದು ಸುಮ್ಮನೆ ಅಡುಗೆಮನೆಗೆ ಹೋದರು. ಹಸನ್ ಅಂಕಲ್ ಗಡಿಯಾರ ನೋಡುತ್ತ ಕೂತಿದ್ದರು. ಹತ್ತು ನಿಮಿಷ ಕಳೆದ ಮೇಲೆ ಎಲ್ಲರೂ ಖರ್ಜೂರ ತೆಗೆದುಕೊಂಡರು.

ಆಮೇಲೆ ಜಹ್ರಾ ತನ್ನ ಕೋಣೆಯ ಬಾಗಿಲು ಹಾಕಿ ನನಗೆ ಕಾರಣ ಹೇಳಿದಳು. ಸೂರ್ಯ ಮುಳುಗಿ, ಆಕಾಶದ ಕೆಂಪು ಹೋದ ಮೇಲೇ ಅವರು ಉಪವಾಸ ಬಿಡುವುದು. ಅವರು ಶಿಯಾಗಳು, ನಾವು ಸುನ್ನಿಗಳು.

"ಯಾರಿಗೂ ಹೇಳಬೇಡ, ಆಯ್ತಾ? ಅಮ್ಮಿ ಬೈತಾರೆ."

"ಇದರಲ್ಲಿ ಹೇಳಬಾರದ್ದು ಎಂತ ಉಂಟು?"

ಅವಳು ಸ್ವಲ್ಪ ಹೊತ್ತು ಮಂಚದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮತ್ತೆ ಹೇಳಿದಳು: ಕರಾಚಿಯಲ್ಲಿ ಅವಳ ಮಾವ ಡಾಕ್ಟರ್. ಒಂದು ಸಂಜೆ ಇಬ್ಬರು ಬೈಕಿನಲ್ಲಿ ಬಂದು ಕ್ಲಿನಿಕ್ಕಿನ ಹೊರಗಿನ ಬೋರ್ಡಿನಲ್ಲಿದ್ದ ಹೆಸರನ್ನು ಓದಿದರು. ಒಳಗೆ ಬಂದು, "ಡಾಕ್ಟರ್ ನೀವೇನಾ?" ಎಂದು ಕೇಳಿದರು. ಮಾವ ಹೌದು ಎಂದರು. ಬಂದವರು ಗುಂಡು ಹೊಡೆದು ಹೋದರು. ಆ ಹೆಸರು ಶಿಯಾಗಳು ಇಡುವ ಹೆಸರಂತೆ, ಅಷ್ಟಕ್ಕೇ.

ನಾನು ಆಣೆ ಹಾಕಿದೆ. ಯಾರಿಗೂ ಹೇಳುವುದಿಲ್ಲ ಎಂದು.

ಎರಡನೆಯ ಶುಕ್ರವಾರ ಉಪ್ಪ ಜುಮಾ ನಮಾಜಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಟಿವಿ ಹಾಕಿದರು. ಹತ್ತಿರದ ಒಂದು ದೇಶದಲ್ಲಿ, ನಮಾಜಿಗೆ ಸಾಲಾಗಿ ನಿಂತವರ ನಡುವೆ ಒಬ್ಬ ಬಾಂಬು ಸಿಡಿಸಿಕೊಂಡಿದ್ದ. ಮಸೀದಿಯೊಳಗೆ ಹೊಗೆ, ಬಿಳಿ ಬಟ್ಟೆಗಳ ಮೇಲೆ ಕೆಂಪು. ಉಮ್ಮ ಕೂಡಲೇ ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದರು. ಆದರೆ ಕಿವಿ ಮುಚ್ಚಲಿಲ್ಲ. ಅದು ಶಿಯಾಗಳ ಮಸೀದಿ, ಮಾಡಿಸಿದವರು ಶಿಯಾಗಳನ್ನು ಮುಸ್ಲಿಮರೇ ಅಲ್ಲ ಎನ್ನುವವರು ಎಂದು ನನಗೆ ಕೇಳಿಸಿತು.

"ಶಿಯಾ ಅಂದ್ರೆ ಎಂತ ಉಮ್ಮಾ?" ಗೊತ್ತಿದ್ದೂ ಕೇಳಿದೆ.

"ನಮ್ಮ ಹಾಗೇ. ನಮಾಜು ಮಾಡ್ತಾರೆ, ಉಪವಾಸ ಹಿಡೀತಾರೆ."

"ಮತ್ತೆ ಯಾಕೆ ಕೊಂದದ್ದು?"

ಉಮ್ಮ ಉಪ್ಪನ ಮುಖ ನೋಡಿದರು. ಉಪ್ಪ ಟಿವಿ ಆರಿಸಿದರು.

ಆ ದಿನದಿಂದ ಕಾಲನಿಯ ಗಾಳಿಯೇ ಬೇರೆಯಾಯಿತು. ಮಸೀದಿಯ ಎದುರು ಪೊಲೀಸ್ ಕಾರು ನಿಲ್ಲತೊಡಗಿತು. ಚಪ್ಪಲಿ ಇಡುವ ಜಾಗದಲ್ಲಿ ಯಾರೋ ಬಿಟ್ಟುಹೋದ ಕೈಚೀಲ ನೋಡಿ ಜನ ಓಡಿದರು. ಅದರಲ್ಲಿ ಇದ್ದದ್ದು ಇಸ್ತ್ರಿಗೆ ಕೊಡಬೇಕಾದ ಎರಡು ಅಂಗಿ. ಉಪ್ಪ ನಮಾಜಿಗೆ ಹೋದರೆ ವಾಪಸು ಬರುವ ತನಕ ನಾನು ಪ್ಲಾಸ್ಟಿಕ್ ಕುರ್ಚಿ ಹತ್ತಿ ಕಿಟಕಿಯಲ್ಲಿ ನಿಂತಿರುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಅವರ ಬಿಳಿ ಟೊಪ್ಪಿ ಕಂಡ ಮೇಲೇ ಕೆಳಗಿಳಿಯುವುದು. ಎಸಿ ಗಡಗಡ ಎಂದು ಶುರುವಾದರೂ ಬೆಚ್ಚಿಬೀಳುತ್ತಿದ್ದೆ.

ಮಧ್ಯಾಹ್ನದ ಮೇಲೆ ನಾವು ಏಳೆಂಟು ಹುಡುಗಿಯರು ಕುರಾನ್ ಕಲಿಯಲು ಒಬ್ಬರು ಆಂಟಿಯ ಮನೆಗೆ ಹೋಗುತ್ತಿದ್ದೆವು. ಅವರೂ ನಮ್ಮ ಮಂಗಳೂರು ಕಡೆಯವರೇ. ಮೃದು ಮಾತು, ಯಾರನ್ನೂ ಗದರಿದವರಲ್ಲ. ಜಹ್ರಾ ಅಲ್ಲಿಗೆ ಬರುತ್ತಿರಲಿಲ್ಲ, ಅವಳಿಗೆ ಅವಳ ಅಮ್ಮನೇ ಕಲಿಸುತ್ತಿದ್ದರು. ಬಾಂಬಿನ ಮಾರನೆಯ ದಿನ ಆಂಟಿ ಉಪವಾಸದ ಕ್ರಮ ಹೇಳಿಕೊಡುತ್ತ, ಆಜಾನ್ ಆದ ಕೂಡಲೇ ಉಪವಾಸ ಬಿಡಬೇಕು, ಸುಮ್ಮನೆ ತಡ ಮಾಡಬಾರದು ಎಂದರು.

ನನ್ನ ಕೈ ತಾನೇ ಮೇಲೆದ್ದಿತು. "ಆಂಟೀ, ಜಹ್ರಾನ ಮನೆಯಲ್ಲಿ ಹತ್ತು ನಿಮಿಷ ಆದ ಮೇಲೆ ಬಿಡುವುದು."

ಬೇರೆಯವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಬಿಂಕ, ಅಷ್ಟೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಆಣೆ ನೆನಪಾಯಿತು. ಆಂಟಿಯ ಬೆರಳು ಪುಟದ ಮೇಲೆ ನಿಂತುಹೋಯಿತು.

"ಹೌದಾ? ಅವರು ಅವರಾ?" ಎಂದರು. ಮತ್ತೆ ಅದೇ ಮೃದು ದನಿಯಲ್ಲಿ, "ಅಲ್ಲಾಹು ಅವರಿಗೆ ದಾರಿ ತೋರಿಸಲಿ. ನೀವು ಮಕ್ಕಳು ಆ ಮನೆಯಲ್ಲಿ ಏನೂ ತಿನ್ನಲಿಕ್ಕೆ ಹೋಗಬೇಡಿ" ಎಂದರು.

ಹೊರಗೆ ಬಂದಾಗ ಕ್ಲಾಸಿನ ದೊಡ್ಡ ಹುಡುಗಿಯೊಬ್ಬಳು ನನ್ನ ಕಿವಿಯಲ್ಲಿ, "ಅವರು ಎಲ್ಲಿ ಇರ್ತಾರೋ ಬಾಂಬು ಅಲ್ಲಿಗೇ ಬರುವುದಂತೆ. ನಿನ್ನ ಮನೆ ಹತ್ತಿರವೇ ಅಲ್ವಾ?" ಎಂದಳು.

ಸುದ್ದಿ ಎರಡೇ ದಿನದಲ್ಲಿ ಫೋನಿನಿಂದ ಫೋನಿಗೆ ಹಾರಿ ಕಾಲನಿಯೆಲ್ಲ ಸುತ್ತಿತು. ಮೂರನೆಯ ದಿನ ಉಪ್ಪ ಬಸ್ಸಿಳಿದು ಬಂದು, ಉಮ್ಮನ ಹತ್ತಿರ ಸಣ್ಣ ದನಿಯಲ್ಲಿ ಹೇಳುವುದು ಕೇಳಿಸಿತು: "ಇವತ್ತು ಹಸನ್ ಭಾಯಿಯ ಪಕ್ಕದ ಸೀಟಲ್ಲಿ ಯಾರೂ ಕೂತುಕೊಳ್ಳಲಿಲ್ಲ."

"ನೀವು?"

"ನಾನು ಹತ್ತುವಾಗ ಹಿಂದೆ ಸೀಟಿತ್ತು."

ಉಮ್ಮ ಈರುಳ್ಳಿ ಹೆಚ್ಚುವ ಸದ್ದು ಜೋರಾಯಿತು. ಇದನ್ನೆಲ್ಲ ಶುರು ಮಾಡಿದವಳು ಈ ಮನೆಯಲ್ಲೇ ಇದ್ದಾಳೆ ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ರಂಜಾನಿನ ನಡುವೆ, ಹದಿನಾಲ್ಕನೆಯ ಉಪವಾಸದ ಸಂಜೆ, ಇಲ್ಲಿ ಗರಂಗಾವ್. ಮಕ್ಕಳು ಜರಿಯ ಬಟ್ಟೆ ತೊಟ್ಟು, ಕುತ್ತಿಗೆಗೆ ಚೀಲ ನೇತುಹಾಕಿಕೊಂಡು, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ದೊಡ್ಡವರು ಚೀಲಕ್ಕೆ ಬಾದಾಮಿ, ಕಡಲೆಬೀಜ, ಮಿಠಾಯಿ ತುಂಬಿಸುತ್ತಾರೆ. ಕತಾರಿಗಳ ಹಬ್ಬವಾದರೂ ನಮ್ಮ ಕಾಲನಿಯಲ್ಲಿ ಎಲ್ಲ ದೇಶದ ಮಕ್ಕಳೂ ಸೇರುತ್ತಿದ್ದರು. ಆ ವರ್ಷ ಜಹ್ರಾಳೂ ನಾನೂ ಒಂದೇ ಬಣ್ಣದ, ನವಿಲು ಹಸಿರಿನ ಉಡುಪು ಹೊಲಿಸಿಕೊಂಡಿದ್ದೆವು.

ಆ ಸಂಜೆ ಅವಳು ನನ್ನನ್ನು ಕರೆಯಲು ಬರಲಿಲ್ಲ. ನಾನೂ ಹೋಗಲಿಲ್ಲ. ಕುರಾನ್ ಕ್ಲಾಸಿನ ಹುಡುಗಿಯರ ಗುಂಪಿನಲ್ಲಿ ಸೇರಿಕೊಂಡೆ. ನಮ್ಮ ಸಾಲಿಗೆ ಬಂದೆವು. ಒಂದು ಗೇಟು, ಎರಡು ಗೇಟು. ಮೂರನೆಯದರ ಎದುರು ಹಸಿರು ಉಡುಪು ತೊಟ್ಟು ಜಹ್ರಾ ನಿಂತಿದ್ದಳು. ಕೈಯಲ್ಲಿ ದೊಡ್ಡ ಸ್ಟೀಲ್ ಬೋಗುಣಿ, ಅದರ ತುಂಬ ಎಳ್ಳಿನ ಮಿಠಾಯಿ. ಹಿಂದೆ ನರ್ಗಿಸ್ ಆಂಟಿ. ನಮ್ಮನ್ನು ಕಂಡು ಜಹ್ರಾ ಬೋಗುಣಿಯನ್ನು ಸ್ವಲ್ಪ ಮುಂದೆ ಚಾಚಿದಳು.

ನಮ್ಮ ಗುಂಪಿನ ಹಾಡು ನಿಂತಿತು. ಯಾರೋ "ಯಲ್ಲಾ, ಯಲ್ಲಾ, ನಡೀರಿ" ಎಂದರು. ಎಲ್ಲರೂ ರಸ್ತೆಯ ಆಚೆ ಬದಿಗೆ ಸರಿದರು. ನನ್ನ ಕಾಲು ಒಂದು ಗಳಿಗೆ ತಡೆಯಿತು. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಆ ಗೇಟಿನೊಳಗೆ ಎಲ್ಲೋ ಏನೋ ಸಿಡಿಯಲು ಕಾದು ಕೂತಿದೆ ಎಂದು. ಅದಕ್ಕಿಂತ ಹೆಚ್ಚಿನ ಹೆದರಿಕೆ, ನಾನೊಬ್ಬಳೇ ಉಳಿದರೆ ಈ ಹುಡುಗಿಯರು ಏನೆಂದುಕೊಳ್ಳುತ್ತಾರೋ ಎಂಬುದು. ನಾನೂ ರಸ್ತೆ ದಾಟಿದೆ. ಬೆನ್ನ ಹಿಂದೆ ನರ್ಗಿಸ್ ಆಂಟಿ ಜಹ್ರಾಳಿಗೆ, "ಒಳಗೆ ಬಾ ಬೇಟಾ, ಸೆಕೆ" ಎನ್ನುವುದು ಕೇಳಿಸಿತು.

ಮನೆಯಲ್ಲಿ ಉಮ್ಮ ನನ್ನ ಚೀಲವನ್ನು ಚಾಪೆಯ ಮೇಲೆ ಸುರಿದು, "ಜಹ್ರಾನ ಮನೆಯದ್ದು ಯಾವುದು ಇದರಲ್ಲಿ?" ಎಂದು ಕೇಳಿದರು. ಅಷ್ಟು ಕೇಳಿದ್ದೇ ನನ್ನ ಅಳು ಒಡೆಯಿತು. ಆಣೆ, ಕ್ಲಾಸು, ಬಾಂಬು, ಬೋಗುಣಿ, ಎಲ್ಲ ಹೇಳಿದೆ. ಉಮ್ಮ ಕೇಳುತ್ತ ಕೇಳುತ್ತ ನೆಲದಲ್ಲೇ ಕೂತುಬಿಟ್ಟರು. ಕೊನೆಗೆ ಇಷ್ಟೇ ಅಂದರು: "ನಾಳೆ ನಾವು ಅಲ್ಲಿಗೆ ಇಫ್ತಾರಿಗೆ ಹೋಗುವ."

"ಈಗ ಬೇಡ ಮಾರಾಯ್ತಿ," ಬಾಗಿಲಲ್ಲಿ ನಿಂತಿದ್ದ ಉಪ್ಪ ಹೇಳಿದರು. "ನಾಲ್ಕು ಜನ ನೋಡ್ತಾರೆ. ಕೆಲಸದ ಜಾಗ ಇದು, ನಮ್ಮ ಊರಲ್ಲ."

"ನೋಡಲಿ. ನಾಲ್ಕು ಜನ ನೋಡಬೇಕು ಅಂತಲೇ ಹೋಗುವುದು."

ಮರುದಿನ ಸಂಜೆ, ಪಾರ್ಕಿನ ತುಂಬ ಜನ ಇರುವ ಹೊತ್ತಿಗೇ, ಉಮ್ಮ ಅಕ್ಕಿಯ ಪತ್ತಿರ್ ರೊಟ್ಟಿ ಮತ್ತು ಕೋಳಿಸಾರಿನ ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ರಸ್ತೆಯ ನಡುವಿನಲ್ಲೇ ನಡೆದರು. ನಾನು ಅವರ ಬುರ್ಖಾದ ಅಂಚು ಹಿಡಿದುಕೊಂಡಿದ್ದೆ. ಉಪ್ಪ ಮನೆಯಲ್ಲೇ ಉಳಿದರು.

ನರ್ಗಿಸ್ ಆಂಟಿ ಬಾಗಿಲು ತೆರೆದವರು ನಮ್ಮನ್ನೂ, ನಮ್ಮ ಹಿಂದಿನ ರಸ್ತೆಯನ್ನೂ ನೋಡಿದರು. ಒಳಗೆ ಕರೆದು ಕೂರಿಸಿದರು. ಜಹ್ರಾ ಎದುರಿನ ಕುರ್ಚಿಯಲ್ಲಿ ಕೂತಳು, ನನ್ನ ಕಡೆ ನೋಡಲಿಲ್ಲ. ಆಜಾನ್ ಆಯಿತು. ಆಂಟಿ ಖರ್ಜೂರದ ತಟ್ಟೆಯನ್ನು ಉಮ್ಮನ ಮುಂದೆ ಸರಿಸಿದರು. ಉಮ್ಮ ಒಂದನ್ನು ಎತ್ತಿಕೊಂಡು ಅಂಗೈಯಲ್ಲಿ ಇಟ್ಟುಕೊಂಡರು.

"ನೀವು ತಿನ್ನಿ ಬೆಹನ್, ನಿಮ್ಮ ಹೊತ್ತಾಯಿತು."

"ನೀವು ತೆಗೆದುಕೊಳ್ಳುವಾಗ ನಾವೂ ತೆಗೆದುಕೊಳ್ಳುತ್ತೇವೆ" ಎಂದರು ಉಮ್ಮ, ತಮ್ಮ ಮುರುಕು ಹಿಂದಿಯಲ್ಲಿ.

ಅಷ್ಟರಲ್ಲಿ ಬೆಲ್ ಹೊಡೆಯಿತು.

ಆ ಮನೆ ಕಲ್ಲಾದದ್ದನ್ನು ನಾನು ಮರೆಯಲಾರೆ. ಹಸನ್ ಅಂಕಲ್ ಎದ್ದು, ಮಾತಿಲ್ಲದೆ ಕೈಸನ್ನೆ ಮಾಡಿದರು. ಆಂಟಿ ಜಹ್ರಾಳನ್ನೂ ನನ್ನನ್ನೂ ತೋಳು ಹಿಡಿದು ಒಳಕೋಣೆಗೆ ನೂಕಿದರು. ಜಹ್ರಾ ನೇರವಾಗಿ ಮಂಚದ ಆಚೆ ಬದಿಗೆ ಹೋಗಿ, ಕಿಟಕಿಯಿಂದ ಕಾಣದಂತೆ ನೆಲದ ಮೇಲೆ ಕೂತಳು. ಯಾರೂ ಅವಳಿಗೆ ಹೇಳಬೇಕಾಗಲಿಲ್ಲ, ಅಭ್ಯಾಸವಿತ್ತು. ನಾನೂ ಪಕ್ಕದಲ್ಲಿ ಕೂತೆ. ಬಾಗಿಲ ಚಿಲಕ ತೆರೆದ ಸದ್ದು. ಮತ್ತೆ ಉಪ್ಪನ ದನಿ: "ಇವಳು ಮನೆಯ ಕೀ ತಗೊಂಡು ಬಂದಿದ್ದಾಳೆ, ಅದಕ್ಕೆ..."

ಕೀ ನಮ್ಮ ಮನೆಯ ಗೋಡೆಯ ಮೊಳೆಯಲ್ಲೇ ಇತ್ತು. ಹಸನ್ ಅಂಕಲ್ ಉಪ್ಪನ ಭುಜ ಹಿಡಿದು ಒಳಗೆ ಕರೆದುಕೊಂಡರು. ಉಪ್ಪ ಇನ್ನೂ ಏನೂ ತಿಂದಿರಲಿಲ್ಲ. ಕೆಂಪು ಆರುವ ತನಕ ಎಲ್ಲರೂ ಒಟ್ಟಿಗೆ ಕಾದೆವು.

ಅದಕ್ಕೆ ಮುಂಚೆ, ಕೋಣೆಯ ನೆಲದಲ್ಲಿ ಕೂತಿದ್ದಾಗಲೇ, ನಾನು ಜಹ್ರಾಳನ್ನು ಕೇಳಿದ್ದೆ: "ಕೋಪವಾ?"

"ಇಲ್ಲ."

"ನನ್ನ ಹತ್ತಿರ ಮಾತಾಡು."

"ಇನ್ನು ಯಾರಿಗೂ ಏನೂ ಹೇಳಬಾರದು ಅಂತ ಅಮ್ಮಿ ಹೇಳಿದ್ದಾರೆ."

"ನನಗೂ?"

"ನಿನಗೂ."

ಮರುದಿನದಿಂದ ಉಪ್ಪ ಬಸ್ಸಿನಲ್ಲಿ ಹಸನ್ ಅಂಕಲ್ ಪಕ್ಕದಲ್ಲೇ ಕೂತರು. ಕೆಲವರು ಉಪ್ಪನ ಹತ್ತಿರ ಮಾತು ಕಡಿಮೆ ಮಾಡಿದರು, ಆದರೆ ಉಪ್ಪ ಹೆದರಿದ ಹಾಗೆ ಕೆಲಸಕ್ಕೇನೂ ಆಗಲಿಲ್ಲ. ಉಮ್ಮ ನನ್ನನ್ನು ಕುರಾನ್ ಕ್ಲಾಸು ಬಿಡಿಸಿ ತಾವೇ ಕಲಿಸಿದರು. ಆದರೂ ಈದ್ ಕಳೆದು ತಿಂಗಳಾಗುವುದರೊಳಗೆ ಜಹ್ರಾ ಮನೆಯವರು ಕಾಲನಿ ಬಿಟ್ಟು ದೋಹಾಕ್ಕೆ ಹೋದರು. ಅಲ್ಲಿಂದ ಮುಂದೆ ದೇಶವನ್ನೇ ಬಿಟ್ಟರು ಎಂದು ಆಮೇಲೆ ಗೊತ್ತಾಯಿತು.

ನಾನು ಈಗ ಇದೇ ಕತಾರಿನ ಲುಸೈಲ್‌ನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಶಾಲೆಯ ಹಳೆಯ ಗೆಳತಿಯೊಬ್ಬಳ ಮೂಲಕ ಜಹ್ರಾಳ ನಂಬರ್ ಸಿಕ್ಕಿತು. ಅವಳು ಈಗ ಹಿಮ ಬೀಳುವ ಒಂದು ಊರಿನಲ್ಲಿ ಫಿಸಿಯೋಥೆರಪಿಸ್ಟ್. ವೀಡಿಯೊದಲ್ಲಿ ಅರ್ಧ ಗಂಟೆ ಮಾತಾಡಿದೆವು. ಸೈಕಲ್, ಕುಂಟಾಬಿಲ್ಲೆ, ಬಿಸಿನೀರಿನ ನಲ್ಲಿ ಎಲ್ಲ ನೆನೆದು ನಕ್ಕೆವು. ಕೊನೆಗೆ ನಾನು, ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಹೇಳಿಬಿಟ್ಟೆ. ಕ್ಲಾಸಿನಲ್ಲಿ ಹೇಳಿದವಳು ನಾನು, ಆ ಗರಂಗಾವ್ ಸಂಜೆ ರಸ್ತೆ ದಾಟಿದ್ದೂ ಬೇಕೆಂದೇ, ನನ್ನನ್ನು ಕ್ಷಮಿಸು ಎಂದೆ.

ಅವಳು ನಗುತ್ತಲೇ, "ಯಾವ ಸಂಜೆ? ನನಗೇನೂ ನೆನಪಿಲ್ಲ ಯಾರ್" ಎಂದಳು.

ನಾನು ಅವಳ ಮುಖವನ್ನೇ ನೋಡಿದೆ. ನಿಜವಾಗಿ ಮರೆತಿದ್ದಾಳೋ, ಮರೆತಂತೆ ಇದ್ದಾಳೋ ನನಗೆ ಗೊತ್ತಾಗಲಿಲ್ಲ. ಹತ್ತು ವರ್ಷದವಳಿದ್ದಾಗ, ಬಾಗಿಲು ಹಾಕಿಕೊಂಡು ನನಗೊಬ್ಬಳಿಗೇ ಎಲ್ಲವನ್ನೂ ಹೇಳುತ್ತಿದ್ದಾಗ, ಅವಳ ಮುಖ ನೋಡಿದರೆ ಸಾಕಿತ್ತು, ನನಗೆ ತಿಳಿಯುತ್ತಿತ್ತು.