ಏಜಾಜ್ ಅಹಮದರ ಅಂಗಡಿಯ ಫ್ಯಾನು

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಏಜಾಜ್ ಅಹಮದರ ರಿಪೇರಿ ಅಂಗಡಿ ಇದೆ. ನಮ್ಮ ಭಜನಾ ಮಂಡಳಿಯ ಆಂಪ್ಲಿಫೈಯರ್ ಕೆಟ್ಟಾಗಲೆಲ್ಲ ನಾನು ಅಲ್ಲಿಗೇ ಒಯ್ಯುತ್ತೇನೆ. ಅದು ಹಳೆಯ ಕಾಲದ್ದು. ಒಳಗಿನ ಬಿಡಿಭಾಗಗಳಿಗೆಲ್ಲ ತಂತಿಯ ಕಾಲುಗಳಿವೆ. ಕಾಲನ್ನು ಬೋರ್ಡಿನ ತೂತಿಗೆ ಇಳಿಸಿ ಹಿಂದಿನಿಂದ ಬೆಸುಗೆ ಹಾಕಿರುತ್ತಾರೆ. ಕೆಟ್ಟದ್ದನ್ನು ಕಿತ್ತು ಬೇರೆ ಹಾಕುವುದು ಏಜಾಜರಿಗೆ ಹುಣಸೆಹಣ್ಣಿನ ಬೀಜ ಬಿಡಿಸಿದಷ್ಟು ಸಲೀಸು.

ಈಗಿನ ಬೋರ್ಡುಗಳಲ್ಲಿ ಕಾಲೂ ಇಲ್ಲ, ತೂತೂ ಇಲ್ಲ. ಎಳ್ಳಿನಷ್ಟು ಭಾಗಗಳನ್ನು ಯಂತ್ರವೇ ಬೋರ್ಡಿನ ಮೈಮೇಲೆ ಕೂರಿಸಿ ಬೆಸೆದಿರುತ್ತದೆ. ಅಂಥದ್ದು ಬಂದರೆ ಏಜಾಜ್ ಕನ್ನಡಕ ಹಣೆಗೇರಿಸಿ, ರಿಪೇರಿ ಆಗಲ್ಲ ಎಂದುಬಿಡುತ್ತಾರೆ. ಜನ ಬಿಟ್ಟುಹೋದ ಬೋರ್ಡುಗಳು ಮೇಜಿನ ಕೆಳಗೆ ರಾಶಿಬಿದ್ದಿದ್ದವು. ಗಿರಾಕಿಗಳು ತುಮಕೂರಿನ ಕಡೆ ತಿರುಗಿದ್ದರು. ಕುಣಿಗಲ್‌ನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಅವರ ತಮ್ಮ ಮುಜೀಬ್, ಬಾಗಿಲು ಹಾಕಿ ನನ್ನ ಜೊತೆ ಬಂದುಬಿಡು ಎಂದು ಫೋನ್ ಮಾಡುತ್ತಲೇ ಇದ್ದ.

ಮಗಳು ಫಿಜಾ ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಬಿಸಿಗಾಳಿ ಊದುವ ಬ್ಲೋಯರ್ ಕೊಂಡುತಂದು, ಅಪ್ಪನ ಮೇಜಿನಲ್ಲಿ ಜಾಗ ಕೇಳುತ್ತಿದ್ದಳು. ಅವರು ಕೊಟ್ಟಿರಲಿಲ್ಲ.

ಆ ದಿನ ನಾನು ಆಂಪ್ಲಿಫೈಯರ್ ಇಟ್ಟುಕೊಂಡು ಕೂತಿದ್ದಾಗ ಹಾಗಲವಾಡಿಯ ಹೊನ್ನಯ್ಯ ಕರೆಂಟು ಬಂದೊಡನೆ ತೋಟದ ಮೋಟರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರಿನ ಬೋರ್ಡು ತಂದ. ಏಜಾಜ್ ಕನ್ನಡಕ ಹಣೆಗೇರಿಸಿದರು.

"ಆಗಲ್ಲ ಹೊನ್ನಯ್ಯನೋರೆ."

"ಹೋದ್ಸಲಾನೂ ಹಿಂಗೇ ಅಂದ್ರಲ್ಲ ಸಾಬ್ರೇ. ಆಗೋದ್ಯಾವ್ದು ಅಂತ ಬಾಗಿಲ್ ಮ್ಯಾಲೆ ಬರ್ಸಾಕ್ಬುಡಿ. ಬಸ್ ಚಾರ್ಜಾದ್ರೂ ಉಳೀತದೆ."

"ನಾನು ನೋಡ್ತೀನಿ ಅಬ್ಬಾ," ಎಂದಳು ಫಿಜಾ.

"ನೋಡೋದೇನಿದೆ? ಕನ್ನಡಿಗೆ ಸ್ಟಿಕ್ಕರ್ ಅಂಟಿಸ್ದಂಗೆ ಅಂಟಿಸವ್ರೆ. ಇದೂ ಒಂದ್ ಕೆಲ್ಸಾನಾ?"

"ನಿಮ್ಗೆ ಕಾಣಲ್ಲ ಅಂತ ಹೇಳಿ. ಕೆಲ್ಸ ಅಲ್ಲ ಅನ್ಬೇಡಿ."

ಏಜಾಜ್ ಕನ್ನಡಕ ಕಣ್ಣಿಗಿಳಿಸಿದರು. ಆಮೇಲೆ ಬೋರ್ಡನ್ನು ಅವಳತ್ತ ತಳ್ಳಿದರು. "ಮಾಡು. ಸರಿಯಾದ್ರೆ ಅರ್ಧ ಮೇಜು ನಿಂದು. ಆಗ್ಲಿಲ್ವಾ, ನಾಳೆಯಿಂದ ನಾನು ಕುಣಿಗಲ್‌ನಲ್ಲಿ ಚಪ್ಪಲಿ ಮಾರ್ತೀನಿ."

ಫಿಜಾ ಮೊದಲು ಫ್ಯಾನು ಆರಿಸಿದಳು. ಆ ಅಂಗಡಿಯ ಫ್ಯಾನು ನಿಂತದ್ದನ್ನು ನಾನು ನೋಡಿದ್ದು ಅವತ್ತೇ. ಮೀಟರ್ ಹಿಡಿದು ಸುಟ್ಟುಹೋಗಿದ್ದ, ರೆಸಿಸ್ಟರ್ ಎಂಬ ಎಳ್ಳಿನಷ್ಟು ಭಾಗವನ್ನು ಪತ್ತೆಮಾಡಿ, ಬಿಸಿಗಾಳಿಗೆ ಬೆಸುಗೆ ಕರಗಿಸಿ ಚಿಮಟದಲ್ಲಿ ಎತ್ತಿದಳು. ಹೊಸದನ್ನು ಕಾಗದದ ಮೇಲೆ ಇಟ್ಟುಕೊಂಡಳು.

"ಪಾಪ, ಮಗು ಬೆವೀತಾ ಐತೆ," ಎಂದು ಹೊನ್ನಯ್ಯ ಎದ್ದು ಸ್ವಿಚ್ ಒತ್ತಿದ.

ಕಾಗದ ಎದ್ದು ಬಾಗಿಲಿಗೆ ಹೋಯಿತು. ರೆಸಿಸ್ಟರ್ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ನಾನೂ ಸೆರಗು ಸಿಕ್ಕಿಸಿಕೊಂಡು ನೆಲ ತಡವಿದೆ.

"ಕಾಲಿಲ್ದೇ ಇರೋದೇ ಓಡೋಯ್ತು ನೋಡಿ," ಎಂದರು ಏಜಾಜ್. "ಹೊನ್ನಯ್ಯನೋರೆ, ನಿಮ್ಗೆ ಯಾರ್ರೀ ಗಾಳಿ ಕೇಳಿದ್ದು?"

"ಒಳ್ಳೇದ್ ಮಾಡಾಕೋದ್ರೆ ಹಿಂಗೇ," ಎಂದು ಹೊನ್ನಯ್ಯ ಗೊಣಗಿದ.

ಫಿಜಾಳ ಹತ್ತಿರ ಅದೇ ಅಳತೆಯದು ಇನ್ನೊಂದಿರಲಿಲ್ಲ. ಅವಳು ಮೇಜಿನ ಕೆಳಗೆ ಬಗ್ಗಿ, ಅಪ್ಪ ಆಗಲ್ಲವೆಂದಿದ್ದ ರಾಶಿಯಿಂದ ಬೋರ್ಡುಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಒಂದರಲ್ಲಿ ಬೇಕಾದದ್ದು ಸಿಕ್ಕಿತು. ಅದನ್ನೇ ಬಿಡಿಸಿ ಕೂರಿಸಿದಳು. ಕರೆಂಟು ಕೊಟ್ಟಾಗ ಹಸಿರು ದೀಪ ಹತ್ತಿತು. ಏಜಾಜ್ ದೀಪ ನೋಡಲಿಲ್ಲ, ಆ ರಾಶಿಯನ್ನೇ ನೋಡುತ್ತಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಫಿಜಾ ಕರೆಂಟು ತೆಗೆದಳು. ವೈರು ಗಟ್ಟಿ ನಿಲ್ಲುತ್ತದೋ ನೋಡೋಣವೆಂದು ಹೊನ್ನಯ್ಯ ಅದನ್ನು ಬಿಗಿಯುವ ಟರ್ಮಿನಲ್ಲಿನ ಸ್ಕ್ರೂವನ್ನು ತೋಟದಲ್ಲಿ ತಿರುಗಿಸುವ ಹಾಗೇ ತಿರುಗಿಸಿದ. ಟರ್ಮಿನಲ್ಲು ಕೆಳಗಿನ ತಾಮ್ರದ ಗೆರೆಯ ಸಮೇತ ಕಿತ್ತು ಅವನ ಕೈಗೆ ಬಂತು. ಅದೂ ಮೈಮೇಲೆ ಕೂರಿಸಿದ್ದೇ.

ಫಿಜಾ ಚಿಮಟ ಕೆಳಗಿಟ್ಟಳು. ಏಜಾಜ್ ನಗುತ್ತಾರೆಂದುಕೊಂಡೆ. ಅವರು ಸಿಡುಕಿದ್ದು ಎಲ್ಲೋ ಇರುವ ಆ ಬೋರ್ಡು ಮಾಡಿದವನ ಮೇಲೆ.

"ರೈತ್ರು ಸ್ಕ್ರೂ ತಿರ್ಗಿಸೋ ಜಾಗ ಇದು. ಇಲ್ಲೂ ಅಂಟಿಸವ್ನಲ್ಲ, ತಲೆ ಬೇಡ್ವಾ? ಇಲ್ಲಿ ಕಾಲಿರ್ಬೇಕು."

ಬೈಯುತ್ತಲೇ ಕೈಡ್ರಿಲ್ಲಿನಲ್ಲಿ ತೂತು ಕೊರೆದು, ಕಾಲಿರುವ ಹಳೆಯ ಟರ್ಮಿನಲ್ ಇಳಿಸಿ, ಹರಿದ ಗೆರೆಗಳಿಗೆ ಹಿಂದಿನಿಂದ ತಂತಿ ಬೆಸೆದರು.

"ಅಬ್ಬಾ, ಆ ತಂತಿ ಪಕ್ಕದ ಗೆರೆಗೆ ತಾಗ್ತಿದೆ."

"ಕಾಣಿಸ್ತದೆ ಬಿಡು," ಎಂದರು. ತಂತಿಯನ್ನು ಮಾತ್ರ ಸರಿಸಿದರು.

ಹಸಿರು ದೀಪ ಮತ್ತೆ ಹತ್ತಿ, ಹೊನ್ನಯ್ಯ ಬೋರ್ಡು ತೆಗೆದುಕೊಂಡು ಹೋದ ಮೇಲೆ ಮುಜೀಬ್‌ನ ಫೋನು ಬಂತು. ಎರಡು ಸಲ ಬಡಿದುಕೊಂಡಿತು. ಏಜಾಜ್ ಎತ್ತಲಿಲ್ಲ, ಮೇಜಿನ ಎಡಗಡೆಯ ಡಬ್ಬಿಗಳನ್ನು ಒಂದೊಂದಾಗಿ ಬಲಗಡೆಗೆ ಸರಿಸುತ್ತಿದ್ದರು.

ಮುಂದಿನ ವಾರ ಆಂಪ್ಲಿಫೈಯರ್ ತರಲು ಹೋದೆ. ಸುಡುವ ಮಧ್ಯಾಹ್ನ. ಎಡಗಡೆ ಫಿಜಾ ಬಗ್ಗಿ ಕೂತಿದ್ದಳು. ಫ್ಯಾನಿನ ಸ್ವಿಚ್ಚಿಗೆ ಕಪ್ಪು ಟೇಪು ಅಂಟಿಸಿತ್ತು. ಏಜಾಜ್ ರಟ್ಟಿನ ಚೂರಿನಿಂದ ಮುಖಕ್ಕೆ ಬೀಸಿಕೊಳ್ಳುತ್ತಿದ್ದರು, ಅದೂ ಮಗಳ ಕಡೆ ಗಾಳಿ ಹೋಗದಂತೆ ಗೋಡೆಗೆ ತಿರುಗಿಕೊಂಡು.

"ಕೂತ್ಕೊಳ್ಳಿ ಅಕ್ಕಾ," ಎಂದರು. "ಗಾಳಿ ಮಾತ್ರ ಕೇಳ್ಬೇಡಿ."