ಒಗೆಯುವ ಕಲ್ಲು ಪತ್ತೆಯಾದದ್ದು

ನನ್ನ ಸೊಸೆ ಊಟ ಮಾಡುವಾಗ ಎಡಗೈಯಲ್ಲಿ ಫೋನು ಹಿಡಿದುಕೊಂಡು ಲೋಕದ ಪತ್ತೆಗಳನ್ನೆಲ್ಲ ಓದಿ ಹೇಳುತ್ತಾಳೆ. ಯಾವುದೋ ಗ್ರಹದಲ್ಲಿ ನೀರು ಪತ್ತೆಯಾಯಿತಂತೆ. ಯಾವುದೋ ಕಾಡಿನಲ್ಲಿ ಉಗುರಿನಷ್ಟು ದೊಡ್ಡ ಕಪ್ಪೆ ಪತ್ತೆಯಾಯಿತಂತೆ. ಎಲ್ಲೋ ಗುಹೆಯ ಗೋಡೆಯಲ್ಲಿ ಯಾರೋ ಬರೆದ ಹಂದಿಯ ಚಿತ್ರ ಸಿಕ್ಕಿತಂತೆ, ಎಷ್ಟೋ ಸಾವಿರ ವರ್ಷದ್ದಂತೆ. ನಾನು ಹೂಂ ಎನ್ನುತ್ತೇನೆ, ಸಾರಿಗೆ ಉಪ್ಪು ಸಾಲದು ಎನ್ನುತ್ತೇನೆ. ಮೊದಲು ಇಂಥ ಸುದ್ದಿಗಳ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಪತ್ತೆ ಮಾಡುವವರು ನಮ್ಮ ಬಾವಿಕಟ್ಟೆಗೆ ಬಂದು ಹೋದ ಮೇಲೆ ಮಾತ್ರ, ಪಾಪ, ಆ ಕಪ್ಪೆಯ ಗತಿ ಏನಾಗಿರಬಹುದು ಎಂದು ಯೋಚಿಸುತ್ತೇನೆ.

ನಮ್ಮ ಮನೆ ಮೂಡುಬಿದಿರೆಯ ಹತ್ತಿರ, ಪುತ್ತಿಗೆ ಕಡೆ. ಬಾವಿಕಟ್ಟೆಯ ಪಕ್ಕದಲ್ಲಿ ಎರಡು ಕೆಂಪು ಮುರಕಲ್ಲುಗಳ ಮೇಲೆ ಅಡ್ಡ ಹಾಕಿದ ಒಂದು ಕಪ್ಪು ಕಲ್ಲು ಇತ್ತು. ವಿಟ್ಲದಿಂದ ಮದುವೆಯಾಗಿ ಬಂದ ದಿನದಿಂದ ನಾನು ಬಟ್ಟೆ ಒಗೆದದ್ದು ಅದರ ಮೇಲೆ. ನನ್ನ ಅತ್ತೆ ಒಗೆದದ್ದೂ ಅದರ ಮೇಲೆಯೇ. ಅದರಲ್ಲಿ ಪ್ರೀತಿಯ ಮಾತೇನೂ ಇಲ್ಲ, ಬೇರೆ ಕಲ್ಲು ಇರಲಿಲ್ಲ, ಅಷ್ಟೇ. ಆದರೆ ಕಲ್ಲು ಒಳ್ಳೆಯದು. ಮೇಲ್ಭಾಗ ಬಾಳೆಲೆಯ ಹಾಗೆ ನಯ. ಎತ್ತರ ಎಷ್ಟೆಂದರೆ ಸೊಂಟ ಬಗ್ಗಿಸದೆ ಒಗೆಯಬಹುದು. ಈ ವಯಸ್ಸಿನಲ್ಲಿ ನನಗೆ ಬೇಕಾದ ವಿಜ್ಞಾನ ಅಷ್ಟೇ.

ಸೊಸೆಗೆ ಬಟ್ಟೆ ಒಗೆಯುವ ಮೆಷಿನು ಉಂಟು. ಮಗ ತಂದುಕೊಟ್ಟದ್ದು. ಅವರ ಬಟ್ಟೆ ಅವರು ಅದಕ್ಕೆ ಹಾಕಲಿ, ನನ್ನದೇನೂ ಅಡ್ಡಿ ಇಲ್ಲ. ನನ್ನ ಸೀರೆ, ನನ್ನ ರವಕೆ ನಾನೇ ಒಗೆಯಬೇಕು. ಕೈಕಾಲು ಬಿದ್ದ ಮೇಲೆ ಹೇಗೂ ಬೇರೆಯವರು ಒಗೆಯುತ್ತಾರೆ, ಅಲ್ಲಿಯವರೆಗೆ ಬೇಡ. ಒಮ್ಮೆ ಬಟ್ಟೆ ಕೊಟ್ಟರೆ ಆಮೇಲೆ ಉಂಡ ಬಟ್ಟಲು ಕೊಡಬೇಕು, ಆಮೇಲೆ ಹಾಸಿಗೆ, ಆಮೇಲೆ ಬಾಯಿಯ ಮಾತು. ಒಂದೊಂದಾಗಿ ಎಲ್ಲವನ್ನೂ ಕೊಟ್ಟು ಜಗಲಿಯ ಮೂಲೆಯಲ್ಲಿ ಕೂತ ಮುದುಕಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೊಸೆ ಕೆಟ್ಟವಳಲ್ಲ. ಒಳ್ಳೆಯವಳು. ಹೆದರಿಕೆ ಇರುವುದೇ ಒಳ್ಳೆಯವರದ್ದು.

ನಳ್ಳಿ ನೀರಿನ ಪೈಪು ಹಾಕಲು ಜೆಸಿಬಿ ಬಂದ ದಿನ ಕೆಲಸ ಕೆಟ್ಟಿತು. ಅದು ಗುಂಡಿ ತೋಡುತ್ತಾ ಕಲ್ಲಿನ ಒಂದು ಬದಿಗೆ ತಾಗಿ, ಕಲ್ಲು ಮಗುಚಿ ಬಿತ್ತು. ನಮ್ಮ ಆಚೆಮನೆಯ ಮಾಷ್ಟ್ರು ಅಲ್ಲೇ ನಿಂತು ನೋಡುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಅದೇ ಕೆಲಸ, ಎಲ್ಲಿ ಗುಂಡಿ ತೋಡುತ್ತಾರೋ ಅಲ್ಲಿ ಹೋಗಿ ನಿಲ್ಲುವುದು.

"ನಿಲ್ಸು ಮಾರಾಯ, ನಿಲ್ಸು," ಎಂದು ಅವರು ಎರಡೂ ಕೈ ಎತ್ತಿದರು.

"ಎಂತ ಮಾಷ್ಟ್ರೇ, ಹಾವು ಉಂಟಾ?" ಎಂದು ಕೇಳಿದೆ.

"ಅಕ್ಷರ ಉಂಟು ಅಕ್ಕ, ಅಕ್ಷರ."

"ಕಚ್ಚುವುದಿಲ್ಲ ಅಲ್ವಾ? ಹಾಗಾದ್ರೆ ಕಲ್ಲು ಇದ್ದಲ್ಲಿಯೇ ಹಾಕಿಸಿ. ಬಟ್ಟೆ ನೆನೆ ಹಾಕಿದ್ದೇನೆ."

"ಇದು ಶಾಸನ. ನಮ್ಮ ಊರಿನ ಇತಿಹಾಸ. ಇದರ ಮೇಲೆ ನೀವು ಬಟ್ಟೆ ಒಗೆದದ್ದಾ?"

"ಮತ್ತೆಂತ, ದೋಸೆ ಹೊಯ್ಯುವುದಾ?"

ಮಾಷ್ಟ್ರು ನಗಲಿಲ್ಲ. ಫೋಟೊ ತೆಗೆದರು, ಫೋನಿನಲ್ಲಿ ಕಳಿಸಿದರು. ಮಧ್ಯಾಹ್ನದೊಳಗೆ ಯುವಕ ಮಂಡಲದ ಅಧ್ಯಕ್ಷ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಇವನು ಚಿಕ್ಕವನಿರುವಾಗ ನಮ್ಮ ಪೇರಳೆ ಮರ ಹತ್ತಿ ಬಿದ್ದವನು, ಈಗ ಬಿಳಿ ಅಂಗಿ ಹಾಕಿ ಮೈಕು ಹಿಡಿಯುತ್ತಾನೆ. ಕಲ್ಲಿನ ಒಂದು ಮೂಲೆ ಒಡೆದುಹೋಗಿರುವುದನ್ನು, ಕೆಲವು ಅಕ್ಷರ ಸವೆದಿರುವುದನ್ನು ನೋಡಿ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ದೊಡ್ಡಮ್ಮ ಸೋಪು ಹಾಕಿ ಇತಿಹಾಸವನ್ನೇ ಒಗೆದು ಬಿಟ್ಟಿದ್ದಾರೆ."

ಎಲ್ಲರೂ ನಕ್ಕರು.

"ಅಕ್ಷರ ಇದ್ದದ್ದು ಅಡಿಯಲ್ಲಿ. ಅಡಿಯಲ್ಲಿ ನೇತಾಡಿಕೊಂಡು ಒಗೆಯಲು ನಾನೇನು ಬಾವಲಿಯಾ?" ಎಂದೆ. ಯಾರಿಗೂ ಕೇಳಿಸಲಿಲ್ಲ, ಫೋಟೊಕ್ಕೆ ನಿಲ್ಲುವ ಗಡಿಬಿಡಿ.

ಪೇಪರಿನಲ್ಲಿ ಬಂತು, ಊರಿನಲ್ಲಿ ಪುರಾತನ ಶಾಸನ ಪತ್ತೆ ಎಂದು. ಕಳೆದುಹೋದದ್ದು ಪತ್ತೆಯಾಗುವುದು ಗೊತ್ತು. ದಿನಾ ಬೆಳಿಗ್ಗೆ ಸಪ್ಪಳ ಮಾಡಿಕೊಂಡು ನಾನು ಬಡಿಯುತ್ತಿದ್ದ ಕಲ್ಲು ಯಾರಿಗೆ ಕಳೆದುಹೋಗಿತ್ತೋ ನನಗೆ ತಿಳಿಯದು. ಫೋಟೊದಲ್ಲಿ ಮಾಷ್ಟ್ರು ಇದ್ದರು, ಅಧ್ಯಕ್ಷ ಇದ್ದ, ಜೆಸಿಬಿಯವನೂ ಇದ್ದ. ನಾನು ಬರಲಿಲ್ಲ. ನನ್ನ ಬಕೆಟು ಬಂದಿತ್ತು. ಬೆಳ್ತಂಗಡಿಯಿಂದ, ಬಂಟ್ವಾಳದಿಂದ ನೆಂಟರೆಲ್ಲ ಫೋನು ಮಾಡಿ ಬಕೆಟು ನೋಡಿದೆವು ಎಂದರು.

ಕಲ್ಲನ್ನು ಅಧ್ಯಕ್ಷನ ಟ್ರ್ಯಾಕ್ಟರಿನಲ್ಲಿ ಹೇರಿ ಬಸ್ಸು ನಿಲ್ಲುವ ಜಾಗಕ್ಕೆ ಒಯ್ದರು. ನನ್ನ ಹತ್ತಿರ ಯಾರೂ ಕೇಳಲಿಲ್ಲ. ಮಗನ ಹತ್ತಿರ ಕೇಳಿದರಂತೆ, ಅವನು "ಊರಿನ ವಿಷಯ, ಕೊಡುವ," ಎಂದನಂತೆ. ಅವನು ಒಂದು ಕರ್ಚೀಫನ್ನಾದರೂ ಆ ಕಲ್ಲಿನಲ್ಲಿ ಒಗೆದವನಲ್ಲ. ಅಲ್ಲಿ ಸಿಮೆಂಟು ಹಾಕಿ ಕಲ್ಲನ್ನು ನೆಟ್ಟರು, ಮೇಲೆ ತಗಡು ಹೊದೆಸಿದರು, ಪಕ್ಕದಲ್ಲಿ ಫ್ಲೆಕ್ಸು ಕಟ್ಟಿದರು. ಊರಿಗೇ ದೊಡ್ಡದಾದ ಗುತ್ತಿನ ಮನೆಯ ಯಜಮಾನರು ಕಾರಿನಲ್ಲಿ ಬಂದು ಇಳಿದು, ಇದು ಅರಸರು ತಮ್ಮ ಹಿರಿಯರಿಗೆ ಭೂಮಿ ಉಂಬಳಿ ಬಿಟ್ಟದ್ದರ ಕಲ್ಲು ಎಂದರು. ಅಧ್ಯಕ್ಷ, ಅಲ್ಲ, ತನ್ನ ಅಜ್ಜನ ಅಜ್ಜನಿಗೆ ಬಿಟ್ಟದ್ದು ಎಂದ. ಫಲಕದಲ್ಲಿ ಯಾವ ಮನೆತನದ ಹೆಸರು ಮೇಲೆ ಬರಬೇಕು ಎಂದು ಇಬ್ಬರ ನಡುವೆ ಮಾತುಕತೆಯೇ ನಿಂತುಹೋಯಿತು. ಕಲ್ಲಿನಲ್ಲಿ ಏನು ಬರೆದಿದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಮಾಷ್ಟ್ರಿಗೂ ಗೊತ್ತಿರಲಿಲ್ಲ, ಅದು ಹಳೆಯ ಲಿಪಿ ಎಂದು ಮಾತ್ರ ಗೊತ್ತಿತ್ತು. ಹಳೆಯದು ಎಂದು ನನಗೂ ಗೊತ್ತಿತ್ತು.

ನನಗೆ ಬದಲಿಗೆ ಒಂದು ಸಿಮೆಂಟಿನ ಕಲ್ಲು ಕೊಟ್ಟರು. ಮೈ ಎಲ್ಲ ತುರಿಮಣೆ. ಮೊದಲ ಸಲವೇ ಸೀರೆಯ ಸೆರಗು ಹರಿಯಿತು. ಎತ್ತರ ಇಲ್ಲ, ಕುಕ್ಕರಗಾಲಲ್ಲಿ ಕೂರಬೇಕು. ಕೂತರೆ ಏಳಲು ಬಾವಿಯ ಹಗ್ಗ ಹಿಡಿಯಬೇಕು. ಒಂದು ದಿನ ಹಾಗೆ ಹಗ್ಗ ಹಿಡಿದು ಏಳುವುದನ್ನು ಸೊಸೆ ನೋಡಿದಳು. ಮರುದಿನ ನಾನು ಸ್ನಾನ ಮಾಡಿ ಬರುವಾಗ ನನ್ನ ಬಕೆಟು ಖಾಲಿ. ಬಟ್ಟೆ ಮೆಷಿನಿನಲ್ಲಿ ತಿರುಗುತ್ತಿತ್ತು.

"ಅತ್ತೆ, ಇನ್ನು ನಿಮಗೆ ಆ ಕಷ್ಟ ಬೇಡ," ಎಂದಳು.

ಬಿಳಿ ಸೀರೆ ಯಾರದ್ದೋ ಪ್ಯಾಂಟಿನ ಬಣ್ಣ ಹೀರಿಕೊಂಡು ನೀಲಿಯಾಗಿ ಬಂತು. ಅದನ್ನು ಉಟ್ಟೆ. ಮುಂದಿನ ವಾರ ಉಂಡು ಏಳುವ ಮೊದಲೇ ನನ್ನ ಬಟ್ಟಲಿಗೆ ಕೈ ಹಾಕಿದಳು. ಕೊಟ್ಟೆ. ಜಗಲಿಗೆ ಹೋಗಿ ಗೋಡೆ ನೋಡಿಕೊಂಡು ಕೂತೆ. ಆ ಮೂಲೆಯಲ್ಲಿ ನನ್ನ ಜಾಗ ಯಾವುದು ಎಂದು ಅಂದೇ ಕಣ್ಣಿಗೆ ಬಿತ್ತು.

ಆ ಹೊತ್ತಿಗೆ ಬಸ್ಸು ನಿಲ್ಲುವಲ್ಲಿ ಇನ್ನೊಂದು ಬುದ್ಧಿವಂತಿಕೆ ನಡೆದಿತ್ತು. ಲಿಪಿ ಓದುವವರು ಬರುತ್ತಾರೆ, ಅವರಿಗೆ ಅಕ್ಷರ ಚೆನ್ನಾಗಿ ಕಾಣಬೇಕು ಎಂದು ಇವರು ರಿಕ್ಷಾಗಳಿಗೆ ಹೆಸರು ಬರೆಯುವವನನ್ನು ಕರೆಸಿ ಎಲ್ಲ ಅಕ್ಷರಗಳಿಗೂ ಬಿಳಿ ಪೇಂಟು ತುಂಬಿಸಿದರು. ಗೆರೆ ಕಂಡಲ್ಲಿ ಗೆರೆಯ ಮೇಲೆ ಬರೆದ. ಕಾಣದಲ್ಲಿ ಖಾಲಿ ಬಿಟ್ಟರೆ ಚಂದವಲ್ಲ ಎಂದು ತಾನೇ ಒಂದೊಂದು ಸುರುಳಿ ಹಾಕಿದ. ಕೊನೆಗೆ ಬದಿಯಲ್ಲಿ ಎರಡು ಹೂವನ್ನೂ ಬಿಡಿಸಿದ.

ಓದಲು ಬಂದದ್ದು ದೂರದ ಕಾಲೇಜಿನ ಒಬ್ಬಳು ಹುಡುಗಿ. ಹೆಗಲಿಗೆ ಚೀಲ, ತಲೆಗೆ ಬಟ್ಟೆಯ ಟೊಪ್ಪಿ. ಕಲ್ಲಿನ ಮುಂದೆ ಕೂತು ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಇದಕ್ಕೆ ಪೇಂಟ್ ಹೊಡೆದವರು ಯಾರು?"

ಎಲ್ಲರೂ ರಸ್ತೆ ನೋಡಿದರು. ಅಧ್ಯಕ್ಷ, "ಚಂದ ಕಾಣ್ಲಿ ಅಂತ ಮೇಡಂ," ಎಂದ.

"ಇದನ್ನು ತೆಗೆಯದೆ ನಾನು ಒಂದು ಅಕ್ಷರವನ್ನೂ ಓದುವುದಿಲ್ಲ. ತಂತಿ ಬ್ರಶ್ ಮುಟ್ಟಿಸಬೇಡಿ. ಸ್ವಲ್ಪ ತಿನ್ನರ್ ಹಾಕಿ ತೆಂಗಿನ ನಾರಿನಲ್ಲಿ ಮೆಲ್ಲ ಉಜ್ಜಬೇಕು. ಮುಂದಿನ ವಾರ ಬರ್ತೇನೆ."

ಯುವಕ ಮಂಡಲದಲ್ಲಿ ಅಷ್ಟು ಜನ ಯುವಕರಿದ್ದಾರೆ. ಉಜ್ಜುವ ಕೆಲಸ ಎಂದದ್ದೇ ಎಲ್ಲರಿಗೂ ಮದುವೆ, ಡ್ಯೂಟಿ, ಮಂಗಳೂರು. ಅಧ್ಯಕ್ಷ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತ.

"ದೊಡ್ಡಮ್ಮ, ನಿಮ್ಮಷ್ಟು ತಿಕ್ಕಿ ಅಭ್ಯಾಸ ಇರುವವರು ಊರಿನಲ್ಲಿ ಯಾರುಂಟು?"

"ಮೊದಲು ಒಗೆದು ಹಾಳು ಮಾಡಿದೆ ಅಂತ ಹೇಳಿದ್ದು ನೀನಲ್ವಾ? ಈಗ ಒಗೆಯಲು ಕರೀಲಿಕ್ಕೆ ಬಂದದ್ದಾ?"

"ಅದು ತಮಾಷೆಗೆ."

"ತಿಕ್ಕುತ್ತೇನೆ. ಅವಳು ಓದಿ ಆದ ಮೇಲೆ ಕಲ್ಲು ನನ್ನ ಮನೆಗೆ ಬರಬೇಕು."

"ನೋಡುವ ದೊಡ್ಡಮ್ಮ," ಎಂದ. ನಮ್ಮ ಕಡೆ ನೋಡುವ ಎಂದರೆ ಇಲ್ಲ ಎಂದರ್ಥ, ಅದು ನನಗೂ ಗೊತ್ತು. ಆದರೂ ಹೋದೆ. ಮನೆಯಲ್ಲಿ ಕೂತು ಬಟ್ಟಲು ಕೊಡುವುದಕ್ಕಿಂತ ಬಿಸಿಲಿನಲ್ಲಿ ಕಲ್ಲು ತಿಕ್ಕುವುದು ಲೇಸು.

ವಾರವಿಡೀ ತಿಕ್ಕಿದೆ. ತಿನ್ನರಿನ ವಾಸನೆಗೆ ತಲೆ ಸುತ್ತುತ್ತಿತ್ತು. ಬಸ್ಸಿನಿಂದ ಇಳಿದವರೆಲ್ಲ ನಿಂತು ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. "ಎಂತ ಅಜ್ಜಿ, ದೇವರಿಗೆ ಅಭಿಷೇಕವಾ?" ಎಂದ ಒಬ್ಬ. "ಅಲ್ಲ, ನಿಮ್ಮ ಅಧ್ಯಕ್ಷನ ಮುಖ ತೊಳೆಯುವುದು," ಎಂದೆ. ಯಾರೂ ನಾರು ಕೈಗೆ ತೆಗೆದುಕೊಳ್ಳಲಿಲ್ಲ. ಮಾಷ್ಟ್ರು ದಿನಾ ಬಂದು, ಇತಿಹಾಸ ಎಷ್ಟು ಮುಖ್ಯ ಎಂದು ನೆರಳಿನಲ್ಲಿ ನಿಂತು ಹೇಳಿ ಹೋಗುತ್ತಿದ್ದರು.

ಹುಡುಗಿ ಬಂದಳು. ನೋಡಿದಳು. "ಇಷ್ಟು ಸಾಕು ಅಮ್ಮ," ಎಂದಳು. ಹೊಗಳಲಿಲ್ಲ, ಅದು ನನಗೆ ಹಿಡಿಸಿತು. ಆಮೇಲೆ ಅವಳು ಮಾಡಿದ್ದನ್ನು ನೋಡಿ ನನಗೆ ನಗು ಬಂತು. ಕಲ್ಲಿಗೆ ನೀರು ಹೊಯ್ದು ತೊಳೆದಳು. ದೊಡ್ಡ ಕಾಗದ ಒದ್ದೆ ಮಾಡಿ ಕಲ್ಲಿಗೆ ಅಂಟಿಸಿದಳು. ಬ್ರಶ್ಶಿನಲ್ಲಿ ಟಪ್ ಟಪ್ ಎಂದು ಅದನ್ನು ಬಡಿಯಲು ಸುರು ಮಾಡಿದಳು. ನಾನು ಬಡಿದರೆ ಮುದುಕಿಯ ಅಜ್ಞಾನ, ಅವಳು ಬಡಿದರೆ ವಿಜ್ಞಾನ. ಅದೂ ಎಷ್ಟು ನಿಧಾನ ಎಂದರೆ, ಆ ಹೊತ್ತಿನಲ್ಲಿ ನಾನು ಮನೆಯ ಚಾದರವನ್ನೆಲ್ಲ ಒಗೆದು ಹರವುತ್ತಿದ್ದೆ. ಕಾಗದ ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಯಲ್ಲಿ ಮಸಿ ಅದ್ದಿ ಮೆಲ್ಲ ಒತ್ತಿದಳು. ಕಾಗದ ಕಪ್ಪಾಯಿತು, ಗುಳಿಯಲ್ಲಿದ್ದ ಅಕ್ಷರಗಳು ಬಿಳಿಯಾಗಿ ಉಳಿದವು. ಸುಳ್ಳು ಯಾಕೆ ಹೇಳಲಿ, ಕಾಗದ ಎಬ್ಬಿಸಿದಾಗ ನಾನೂ ಹತ್ತಿರ ಹೋಗಿ ಬಗ್ಗಿ ನೋಡಿದೆ. ಅಷ್ಟು ವರ್ಷ ನನ್ನ ಕೈಯ ಅಡಿಯಲ್ಲಿ ಅಷ್ಟೆಲ್ಲ ಮಾತು ಇತ್ತು, ಒಂದೂ ನನ್ನ ಹತ್ತಿರ ಹೇಳಿರಲಿಲ್ಲ.

ಓದುವುದನ್ನು ಕೇಳಲು ಯಜಮಾನರಿಗೆ ಕುರ್ಚಿ ಹಾಕಿದ್ದರು. ಅಧ್ಯಕ್ಷ ಮೈಕು ತಂದಿದ್ದ. ಹುಡುಗಿ ಮೈಕು ಬೇಡ ಎಂದಳು.

"ಮೇಲೆ ಸೂರ್ಯ ಚಂದ್ರರ ಕೆತ್ತನೆ ಉಂಟು. ಅರಸನ ಹೆಸರು, ಉಂಬಳಿ ಪಡೆದವನ ಹೆಸರು ಎರಡೂ ಒಡೆದ ಮೂಲೆಯಲ್ಲಿ ಹೋಗಿವೆ."

ಯಜಮಾನರು ಕುರ್ಚಿಯಿಂದ ಮುಂದೆ ಬಾಗಿ, "ಅದು ನಮ್ಮ ಹಿರಿಯರದ್ದೇ ಹೆಸರು, ಬರೆದುಕೊಳ್ಳಿ," ಎಂದರು.

"ಉಳಿದದ್ದು ಸರಿಯಾಗಿ ಉಂಟು," ಎಂದು ಅವಳು ಮುಂದುವರಿಸಿದಳು. "ಈ ಉಂಬಳಿ ಉಣ್ಣುವವರು, ಅವರ ಮಕ್ಕಳು ಮೊಮ್ಮಕ್ಕಳು, ಸೂರ್ಯ ಚಂದ್ರರು ಇರುವವರೆಗೆ ದೇವಸ್ಥಾನದ ದೀಪಕ್ಕೆ ದಿನಾ ಎಣ್ಣೆ ಕೊಡಬೇಕು. ತಪ್ಪಿದರೆ ದೋಷ ಇಡೀ ಕುಲಕ್ಕೆ."

ಒಂದು ಬಸ್ಸು ಬಂದು ನಿಂತು ಹೋಯಿತು. ಯಜಮಾನರು ಕನ್ನಡಕ ಒರೆಸಿಕೊಂಡು ಹೇಳಿದರು, "ಹಾಗೆ ನೋಡಿದರೆ ನಮ್ಮದು ಮೂಲದಲ್ಲಿ ಪೊಳಲಿ ಕಡೆಯ ಮನೆತನ. ಇಲ್ಲಿಗೆ ಬಂದದ್ದು ಆಮೇಲೆ." ಅಧ್ಯಕ್ಷ, "ನನ್ನ ಅಜ್ಜ ಕೂಡ ಬೆಳ್ತಂಗಡಿಯಿಂದ ಬಂದವರು," ಎಂದ. ಸ್ವಲ್ಪ ಹೊತ್ತಿನ ಹಿಂದೆ ಇಬ್ಬರೂ ಈ ಮಣ್ಣಿನಲ್ಲೇ ಮೊಳೆತವರಾಗಿದ್ದರು.

ಅಷ್ಟಕ್ಕೆ ಬಿಡಬಹುದಿತ್ತು. ಅಧ್ಯಕ್ಷನಿಗೆ ದೋಷವನ್ನು ಯಾರ ತಲೆಗಾದರೂ ಕಟ್ಟದೆ ಸಮಾಧಾನ ಇಲ್ಲ. "ಕಲ್ಲು ಸಿಕ್ಕಿದ್ದು ದೊಡ್ಡಮ್ಮನ ಬಾವಿಕಟ್ಟೆಯಲ್ಲಿ ಅಲ್ವಾ. ಹಾಗಾದ್ರೆ ಉಂಬಳಿ ಅವರ ಮನೆಯದ್ದೇ ಇರಬೇಕು."

"ಇನ್ನೊಮ್ಮೆ ಹೇಳು," ಎಂದೆ. "ಯಜಮಾನರಿಗೆ ಕೇಳಿಸಲಿ."

"ನಿಮ್ಮದೇ ದೊಡ್ಡಮ್ಮ."

"ಹಾಗಾದ್ರೆ ಕಲ್ಲೂ ನನ್ನದು. ಟ್ರ್ಯಾಕ್ಟರು ತಾ. ಇವತ್ತೇ ಇದ್ದಲ್ಲಿ ಹಾಕಿ ಕೊಡು."

"ಆಗ ಎಣ್ಣೆ?"

"ಎಣ್ಣೆಯ ವಿಷಯ ನಾನೂ ದೇವರೂ ಮಾತಾಡಿಕೊಳ್ಳುತ್ತೇವೆ. ನೀನು ಕಲ್ಲು ತಾ."

ಮಾಷ್ಟ್ರು ಮಾತ್ರ ಏನೋ ಗೊಣಗಿದರು. ಹುಡುಗಿ ಅವರಿಗೆ, "ಪೇಂಟಿನವರಿಗಿಂತ ಇವರ ಹತ್ತಿರ ಇದ್ದರೆ ಕ್ಷೇಮ," ಎಂದಳು. ಅಕ್ಷರದ ಬದಿಯನ್ನು ಅಡಿಗೆ ಹಾಕಿ, ಮಣ್ಣು ತಾಗದ ಹಾಗೆ ಎತ್ತರದಲ್ಲಿ ಇಡಿ, ಪುರಾತತ್ವ ಇಲಾಖೆಯವರಿಗೆ ನಾನು ಬರೆಯುತ್ತೇನೆ ಎಂದು ನನಗೆ ಹೇಳಿದಳು. ಇಲಾಖೆಯವರು ಬಂದಾಗ ನೋಡುವ.

ಮನೆಯಲ್ಲಿ ಸೊಸೆ ಅಳು ಮುಖ ಮಾಡಿದಳು. "ಅತ್ತೆ, ನಮಗೆ ಮಕ್ಕಳು ಉಂಟು. ಕುಲಕ್ಕೆ ದೋಷ ಅಂದ್ರಲ್ಲ."

"ನಿನ್ನ ಮಕ್ಕಳು ಯಾವ ಉಂಬಳಿ ಉಂಡರು? ರೇಶನ್ ಅಕ್ಕಿ ಉಂಡದ್ದು," ಎಂದೆ. ಆದರೂ ಅವಳ ಸಮಾಧಾನಕ್ಕೆ ಹುಡುಗಿಗೆ ಫೋನು ಮಾಡಿಸಿ ಕೇಳಿದೆ, ಯಾವ ದೇವಸ್ಥಾನ ಎಂದು. ಕಲ್ಲಿನಲ್ಲಿರುವ ಆ ದೇವಸ್ಥಾನ ಈಗ ಎಲ್ಲಿಯೂ ಇಲ್ಲವಂತೆ, ಹುಡುಕಬೇಕಂತೆ. ಅಧ್ಯಕ್ಷನಿಗೂ ಮಾಷ್ಟ್ರಿಗೂ ಹೇಳಿ ಕಳಿಸಿದ್ದೇನೆ: ಅದನ್ನು ಪತ್ತೆ ಮಾಡಿ ಕೊಡಿ, ಎಣ್ಣೆ ನಾನೇ ಹೊತ್ತುಕೊಂಡು ಬರುತ್ತೇನೆ. ಈವರೆಗೆ ಯಾರೂ ಹುಡುಕಲು ಹೋದದ್ದು ಕಾಣಲಿಲ್ಲ.

ಕಲ್ಲು ಬಂದ ಮರುದಿನ ಬೆಳಿಗ್ಗೆ ನೀಲಿ ಸೀರೆಯನ್ನು ಬಡಿದು ಬಡಿದು ಒಗೆದೆ. ಬಣ್ಣ ಪೂರ್ತಿ ಹೋಗಲಿಲ್ಲ, ಪರವಾಗಿಲ್ಲ. ಸೊಸೆ ಬಾಗಿಲಲ್ಲಿ ನಿಂತು, "ಕೊಡಿ ಅತ್ತೆ, ನಾನು ಹಿಂಡುತ್ತೇನೆ," ಎಂದಳು. ಬೇಡ ಎಂದೆ. ಮಧ್ಯಾಹ್ನ ಉಂಡ ಮೇಲೆ ಅವಳು ಕೈ ಚಾಚುವ ಮೊದಲೇ ಎದ್ದು ನನ್ನ ಬಟ್ಟಲು ನಾನೇ ತೊಳೆದಿಟ್ಟೆ.