ಗೇಟಿನ ಫೋನಿಗೆ ಮುಟ್ಟದ ಮಾತು

ಹೊಸೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಅಲ್ಲಿನ ಹಳೆಯ ಟೆಲಿಫೋನುಗಳನ್ನೆಲ್ಲ ತೆಗೆಸಿ, ಕಂಪ್ಯೂಟರಿನ ಕೇಬಲ್ಲಿನಲ್ಲೇ ಮಾತು ಸಾಗಿಸುವ ಹೊಸ ಫೋನುಗಳನ್ನು ಮೇಜುಗಳ ಮೇಲೆ ಇಡಿಸಿದೆವು. ನಲವತ್ತು ಚಿಲ್ಲರೆ ಫೋನುಗಳು. ಯಾವ ಫೋನಿಗೆ ಯಾವ ವಿಳಾಸ ಎಂಬ ಪಟ್ಟಿಯನ್ನು ನಾನೇ ಕೂತು ತುಂಬಿದ್ದೆ. ಭಾನುವಾರ ಎಲ್ಲ ಮುಗಿಸಿ ಮತ್ತಿಗಿರಿಯ ಮನೆಗೆ ಹೋಗುವಾಗ, ಇಷ್ಟು ಸಲೀಸಾಗಿ ಆಗಿಹೋಯಿತಲ್ಲ ಎಂದು ನನಗೇ ಹೆಮ್ಮೆ.

ಸೋಮವಾರ ಬೆಳಿಗ್ಗೆ ಗೇಟಿನಿಂದ ದೂರು ಬಂತು. ಆಫೀಸಿನೊಳಗೆ ಮೇಜಿನಿಂದ ಮೇಜಿಗೆ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಿದ್ದರು. ಗೇಟಿಗೆ ಮಾಡಿದರೆ ಮಾತ್ರ ಒಂದು ವಿಚಿತ್ರ. ಅಲ್ಲಿ ರಿಂಗ್ ಆಗುತ್ತದೆ, ಕಾವಲಿನವರು ಎತ್ತಿಕೊಳ್ಳುತ್ತಾರೆ, ಅವರು ಹೇಳಿದ್ದು ನಮಗೆ ಸ್ಪಷ್ಟವಾಗಿ ಕೇಳುತ್ತದೆ. ನಾವು ಹೇಳಿದ್ದು ಅವರಿಗೆ ಒಂದಕ್ಷರವೂ ಮುಟ್ಟುವುದಿಲ್ಲ. ಯಾವ ಲಾರಿಯನ್ನು ಒಳಗೆ ಬಿಡಬೇಕೆಂದು ಹೇಳಲು ಆಫೀಸಿನವರು ಗೇಟಿನವರೆಗೂ ನಡೆದುಹೋಗುತ್ತಿದ್ದರು.

ಗೇಟಿನಲ್ಲಿದ್ದವರು ಅರವತ್ತರ ಆಸುಪಾಸಿನವರು, ರಾಯಕೋಟೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ನಾಲ್ಕು ವರ್ಷಗಳಿಂದ ಅವರಿಗೆ ಬೆಳಿಗ್ಗೆ ವಣಕ್ಕಂ ಹೇಳುತ್ತಿದ್ದೆ, ಅವರೂ ವಣಕ್ಕಂ ಅನ್ನುತ್ತಿದ್ದರು. ಏನು ಕೇಳಿದರೂ ತಮಿಳಿನಲ್ಲಿ ಒಂದು 'ಸರಿಂಗ' ಬಿಟ್ಟರೆ ಹೆಚ್ಚಿನ ಮಾತಿರಲಿಲ್ಲ. ಅಂದು ನಾನು ಮೂರು ಸಲ ಬಿಸಿಲಲ್ಲಿ ಅವರ ಕೋಣೆಗೆ ಹೋಗಿಬಂದೆ. ಕೇಬಲ್ ಬದಲಿಸಿದೆ, ರಿಸೀವರಿನ ವೈರು ಬದಲಿಸಿದೆ, ಕೊನೆಗೆ ಫೋನನ್ನೇ ಬದಲಿಸಿದೆ. ಹೊಸ ಫೋನಿಗೂ ಅದೇ ಕಿವುಡು.

ಇನ್ನು ಉಳಿದದ್ದು ಒಂದೇ ದಾರಿ. ಕರೆ ನಡೆಯುತ್ತಿರುವಾಗಲೇ ಕೇಬಲ್ಲಿನೊಳಗೆ ಏನು ಹರಿಯುತ್ತಿದೆಯೆಂದು ಲ್ಯಾಪ್‌ಟಾಪಿನಲ್ಲಿ ನೋಡಬೇಕು. ಅದಕ್ಕೆ ಆ ಕಡೆಯಿಂದ ಯಾರಾದರೂ ಬಿಡದೆ ಮಾತಾಡುತ್ತಿರಬೇಕು. ನಿಮಗೆ ಏನೂ ಕೇಳಿಸುವುದಿಲ್ಲ, ಆದರೂ ನಾನು ಮತ್ತೆ ಬರುವ ತನಕ ಮಾತು ನಿಲ್ಲಿಸಬೇಡಿ ಎಂದು ಅವರಿಗೆ ತಮಿಳಿನಲ್ಲಿ ಹೇಳಿದೆ. ಏನು ಮಾತಾಡಲಿ ಎಂದು ಕೇಳಿದರು. ಏನಾದರೂ ಸರಿ, ಒಂದು ಎರಡು ಎಣಿಸಿ ಎಂದೆ.

ಮೇಜಿಗೆ ಬಂದು ಗೇಟಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪ್ ತೆರೆದೆ. ಗೇಟಿನಿಂದ ಬರುತ್ತಿರುವುದು ಮಾತ್ರ ಕಾಣುವ ಹಾಗೆ ಮಾಡಿಕೊಂಡೆ. ಈ ಫೋನುಗಳು ಮಾತನ್ನು ಚೂರುಚೂರಾಗಿ ಕತ್ತರಿಸಿ ಕಳಿಸುತ್ತವೆ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣಾರೆ ಕಂಡದ್ದು ಅಂದೇ. ಪರದೆಯ ಮೇಲೆ ಸಾಲಿನ ಮೇಲೆ ಸಾಲು ಓಡುತ್ತಿತ್ತು, ಒಂದೊಂದು ಸೆಕೆಂಡಿಗೆ ಐವತ್ತು ಚೂರು, ಪ್ರತಿ ಚೂರಿಗೂ ಒಂದು ಕ್ರಮಸಂಖ್ಯೆ. ತಮಿಳಿನಲ್ಲಿ ಎಣಿಸುತ್ತಿದ್ದ ಆ ಮುದುಕರ 'ಅಂಜು', ಅಂದರೆ ಐದು, ಎನ್ನುವ ಒಂದು ಪದವೇ ಹತ್ತಾರು ಚೂರಾಗಿ ಷೆಡ್ಡುಗಳನ್ನು ದಾಟಿ ಬಂದು, ನನ್ನ ಮೇಜಿನ ಮೇಲೆ ಮತ್ತೆ ಅವರ ದನಿಯಾಗುತ್ತಿತ್ತು. ಅವರು ಉಸಿರೆಳೆದುಕೊಳ್ಳುವುದೂ ಹಾಗೆಯೇ ಬರುತ್ತಿತ್ತು. ಮಾಡಬೇಕಾದ ಕೆಲಸ ಮರೆತು ನೋಡುತ್ತ ಕೂತುಬಿಟ್ಟೆ.

ನೂರರ ತನಕ ಎಣಿಸಿ ಅವರು ಸುಮ್ಮನಾದರು. ಆಮೇಲೆ ಕನ್ನಡದಲ್ಲಿ ಶುರುಮಾಡಿದರು. ನಮ್ಮ ಮನೆಮಾತು ಅವರದೂ ಎಂದು ನಾಲ್ಕು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ಯಾರಿಗೂ ಕೇಳದ ಹಾಗೆ ಕೂಗುವುದು ತಮಗೆ ಹೊಸದಲ್ಲ ಎಂದರು. ಚಿಕ್ಕವರಿದ್ದಾಗ ಕೋಟೆ ಗುಡ್ಡದ ಕೆಳಗೆ ದನ ಕಾಯುತ್ತಿದ್ದರಂತೆ. ತಾಯಿ ಕೆರೆಯ ಆಚೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಆಷಾಢದ ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುವ ದಿನಗಳಲ್ಲಿ, ಊಟಕ್ಕೆ ಬಾ ಎಂದು ಅವಳು ಕೂಗಿದ್ದು ಪಕ್ಕದಲ್ಲೇ ನಿಂತು ಕರೆದ ಹಾಗೆ ಕೇಳುತ್ತಿತ್ತು. ಇವರು ಓಗೊಟ್ಟರೆ ಅವಳಿಗೆ ಮುಟ್ಟುತ್ತಿರಲಿಲ್ಲ. ಮಗನಿಗೆ ಏನಾಯಿತೋ ಎಂದು ಅವಳು ಮತ್ತೆ ಮತ್ತೆ ಕೂಗುತ್ತಿದ್ದಳು. ಕೊನೆಗೆ ಇವರು ಕೆರೆ ಏರಿಯ ಮೇಲೆ ಸುತ್ತು ಹಾಕಿ, ಗಾಳಿ ಬರುವ ದಿಕ್ಕಿಗೆ, ಅವಳ ಬೆನ್ನ ಕಡೆಗೆ ಹೋಗಿ ನಿಂತು ಕೂಗುತ್ತಿದ್ದರಂತೆ.

"ಆಗ ಮೆಲ್ಲುಗ್ ಅಂದ್ರೂ ಕೇಳ್ತಿತ್ತು. ನಮ್ಮಮ್ಮುನ್ ಕಿವೀಲಿ ಏನ್ ತಪ್ಪಿತ್ತು? ಕೂಗೋನ್ ನಿಂತಿದ್ ಜಾಗ ಸರಿಯಿರ್ನಿಲ್ಲ, ಅಷ್ಟೆಯ. ಈ ಮೇಡಮ್ಮ ಬೆಳಗಿಂದ ನನ್ ಫೋನೇ ಬಿಚ್ತಾವ್ರೆ. ಅವ್ರ ಫೋನ್ನ ಯಾರ್ ನೋಡ್ತಾರೆ?"

ಅದು ನಿಜ. ಬೆಳಿಗ್ಗೆಯಿಂದ ಒಂದು ಸಲವೂ ನನ್ನ ಕಡೆ ನೋಡಿಕೊಂಡಿರಲಿಲ್ಲ. ನನ್ನ ಫೋನಿನಿಂದ ಹೊರಡುವುದೂ ಕಾಣುವ ಹಾಗೆ ಪರದೆಯನ್ನು ಬದಲಿಸಿದೆ. ನನ್ನ ಮಾತಿನ ಒಂದು ಚೂರೂ ಹೊರಟೇ ಇರಲಿಲ್ಲ. ಅದರ ಬದಲು ನನ್ನ ಫೋನು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಿತ್ತು: ಈ ವಿಳಾಸದವರು ಯಾರಿದ್ದೀರಿ, ನನಗೆ ತಿಳಿಸಿ. ಉತ್ತರ ಕೊಡುವವರು ಯಾರೂ ಇರಲಿಲ್ಲ, ಏಕೆಂದರೆ ಅಂಥ ವಿಳಾಸವೇ ನಮ್ಮಲ್ಲಿರಲಿಲ್ಲ. ಆಫೀಸಿನಿಂದಾಚೆಗೆ ಹೋಗುವ ಮಾತು ಯಾವ ಬಾಗಿಲಿನಿಂದ ದಾಟಬೇಕು ಎಂದು ಪ್ರತಿ ಫೋನಿಗೂ ಹೇಳಿಕೊಡಬೇಕು. ಪಟ್ಟಿಯಲ್ಲಿ ಆ ಬಾಗಿಲಿನ ವಿಳಾಸದ ಅಂಕಣ ತುಂಬುವಾಗ ಕೊನೆಗೆ ಒಂದು ಎಂದು ಬರೆಯಬೇಕಾದಲ್ಲಿ ಹನ್ನೊಂದು ಎಂದು ಬರೆದಿದ್ದೆ. ಅದೇ ತಪ್ಪು ಎಲ್ಲ ಮೇಜಿಗೂ ಹೋಗಿತ್ತು. ಗೇಟಿನ ಫೋನಿನ ಬಾಗಿಲು ಬೇರೆ, ಅದು ಸರಿಯಾಗಿತ್ತು; ರಿಂಗ್ ಮಾಡಿಸುವ ಯಂತ್ರ ಆಫೀಸಿನೊಳಗೇ ಇದ್ದದ್ದರಿಂದ ರಿಂಗಿಗೂ ತೊಂದರೆಯಾಗಿರಲಿಲ್ಲ. ಒಳಗೊಳಗೇ ಮಾತಾಡುವವರಿಗೆ ಆ ಬಾಗಿಲು ಬೇಕಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ಅಂಕೆ ಸರಿಮಾಡಿ, ಫೋನು ಮತ್ತೆ ಎದ್ದು ಕೂರುವ ತನಕ ಕಾದು, ಗೇಟಿಗೆ ಕರೆ ಮಾಡಿದೆ. ಈ ಸಲ ಕನ್ನಡದಲ್ಲಿ ಕೇಳಿದೆ.

"ಅಣ್ಣ, ಕೇಳಿಸ್ತಾ?"

"ಕೇಳ್ತದೆ ಮೇಡಮ್ಮ. ಪಕ್ದಾಗೇ ನಿಂತಂಗೆ ಕೇಳ್ತದೆ," ಎಂದರು. ಆಮೇಲೆ ದನಿ ಇಳಿಸಿ, "ನಾನ್ ಆಡಿದ್ದೆಲ್ಲ ಕೇಳುಸ್ಕೊಂಬುಟ್ರಾ?"

ಎಲ್ಲವೂ ಕೇಳಿತು, ತಪ್ಪು ನನ್ನದೇ, ನೀವು ಹೇಳಿದ ಮೇಲೆ ಗೊತ್ತಾಯಿತು ಎಂದೆ. ಅವರು ನಗಲೂ ಇಲ್ಲ, ಬೀಗಲೂ ಇಲ್ಲ. ತಮ್ಮ ತಾಯಿಯ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಈ ಕಡೆಯಿಂದ ಉತ್ತರವೇ ಬರದ್ದರಿಂದ ಯಾರೂ ಕೇಳುತ್ತಿಲ್ಲ ಅಂತ ತಿಳಿದು ಬಾಯಿಗೆ ಬಂತು, ಅಷ್ಟೆ ಎಂದರು. ಅಷ್ಟರಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಬಿಡಲೋ ಬೇಡವೋ ಎಂದು ಕೇಳಿದರು. ನಾನು ಸ್ಟೋರಿನವರನ್ನು ವಿಚಾರಿಸಿ, ಬಿಡಿ ಎಂದೆ.